ಬಯೋಡೇಟಾದ ಖಾಲಿ ಸಾಲು

ಬಡಗ ಮಿಜಾರಿನಲ್ಲಿ 2007ರಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಮರುವರ್ಷ ಮಿಜಾರಿನಲ್ಲೇ ಆಳ್ವಾಸ್‌ನ ಇನ್ನೊಂದು ಕಾಲೇಜು ಬಂತು. ಗದ್ದೆ, ತೋಟ, ಮಳೆಯ ಮಾತಾಡುತ್ತಿದ್ದ ಈ ಊರಿನ ಬಾಯಲ್ಲಿ ಪ್ಲೇಸ್‌ಮೆಂಟ್, ಇಂಟರ್‌ವ್ಯೂ, ಬಯೋಡೇಟಾ ಎಂಬ ಮಾತುಗಳೂ ಸೇರಿಕೊಂಡವು. ಹೀಗಾಗಿ ಈಚೆಗೆ ಕಥೆಗಾರರಾದ ನಮ್ಮ ಬಳಿಗೆ ಕಥೆಗಿಂತ ಹೆಚ್ಚಾಗಿ ಬಯೋಡೇಟಾಗಳು ಬರುತ್ತಿವೆ. 'ಭಾಷೆ ಸ್ವಲ್ಪ ನೋಡಿಕೊಡಿ' ಎನ್ನುತ್ತಾರೆ.

ಮೊನ್ನೆ ಪರಿಚಯದ ಹೆಣ್ಣುಮಗಳೊಬ್ಬಳು ತಂದುಕೊಟ್ಟದ್ದನ್ನು ಓದಿದೆವು. ಒಳ್ಳೆಯ ಅಂಕಗಳು, ಬೆಂಗಳೂರಿನಲ್ಲಿ ಎರಡೂವರೆ ವರ್ಷದ ಕೆಲಸ. ಆಮೇಲಿನ ನಾಲ್ಕು ವರ್ಷಗಳ ಎದುರು 'ಫ್ರೀಲ್ಯಾನ್ಸ್ ಕನ್ಸಲ್ಟೆಂಟ್' ಎಂದಿತ್ತು. ಯಾರಿಗೆ ಏನು ಸಲಹೆ ಕೊಟ್ಟೆ ಎಂದು ಕೇಳಿದೆವು. ಅವಳು ತಲೆ ತಗ್ಗಿಸಿದಳು. ತಂದೆಗೆ ಲಕ್ವ ಹೊಡೆದಿತ್ತು, ಊರಿಗೆ ಬಂದಳು. ನಡುವೆ ಮದುವೆ, ಮಗು. ಕಳೆದ ವರ್ಷ ತಂದೆ ತೀರಿಕೊಂಡರು. ಟೈಪು ಮಾಡಿದ ಅಂಗಡಿಯವನು, 'ಖಾಲಿ ಬಿಟ್ಟರೆ ಯಾರೂ ಫೋನೇ ಮಾಡುವುದಿಲ್ಲ, ಏನಾದರೂ ತುಂಬಿಸಿ' ಎಂದನಂತೆ.

ಬಯೋಡೇಟಾವೂ ಒಂದು ಸಾಹಿತ್ಯ ಪ್ರಕಾರವೇ. ಅದು ಒಂದು ಪುಟದ ಆತ್ಮಕಥೆ. ಹಾಗಿದ್ದರೆ ಅದಕ್ಕೂ ವಿಮರ್ಶೆ ಬೇಕು. ಈ ಪ್ರಕಾರದ ದೋಷವೇನೆಂದರೆ, ಇನ್ನೊಬ್ಬರು ಸಂಬಳ ಕೊಟ್ಟ ಕಾಲವನ್ನು ಮಾತ್ರ ಅದು ಕಾಲವೆಂದು ಎಣಿಸುತ್ತದೆ. ಮೊದಲಿನಿಂದಲೂ ಇದು ಹೀಗಿರಲಿಲ್ಲ. ಸುಮಾರು 1482ರಲ್ಲಿ ಲಿಯನಾರ್ಡೊ ಡ ವಿಂಚಿ ಮಿಲಾನಿನ ದೊರೆಗೆ ಬರೆದ ಪತ್ರವನ್ನು ಜಗತ್ತಿನ ಮೊದಲ ಬಯೋಡೇಟಾ ಎಂದು ಹೇಳುವುದುಂಟು. ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ, ಚಿತ್ರ ಬರೆಯಬಲ್ಲೆ ಎಂದು ಅದರಲ್ಲಿ ಪಟ್ಟಿ ಇದೆ. ಯಾವ ವರ್ಷದಿಂದ ಯಾವ ವರ್ಷದವರೆಗೆ ಎಲ್ಲಿದ್ದೆ ಎಂಬ ಲೆಕ್ಕ ಇಲ್ಲ.

ನಮ್ಮ ಊರಿನ ಕಡೆಗೇ ನೋಡೋಣ. ತುಳುನಾಡಿನ ಪಂಚಾಂಗದಲ್ಲೇ ಬಿಡುವಿಗೆ ಜಾಗವಿದೆ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ಕೊನೆಯ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಕೋಲ, ಜಾತ್ರೆಗಳು ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಊರಿನ ಹೆಸರನ್ನು ತುಳು ರಂಗಸ್ಥಳಕ್ಕೆ ಒಯ್ದ ಹಾಸ್ಯಗಾರ ಮಿಜಾರು ಅಣ್ಣಪ್ಪನವರನ್ನು 'ಮಳೆಗಾಲದಲ್ಲಿ ಏನು ಮಾಡುತ್ತಿದ್ದಿರಿ, ದಾಖಲೆ ತೋರಿಸಿ' ಎಂದು ಯಾವ ಮೇಳದ ಯಜಮಾನ ಕೇಳಿಯಾನು? ಇದೇ ಮಿಜಾರಿನ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಓಡಿದ ವೇಗ ದೇಶಕ್ಕೆಲ್ಲ ಸುದ್ದಿಯಾಯಿತು. ಆಗ ಅವರು ಕಟ್ಟಡ ಕೆಲಸದವರು. ಕಂಬಳವಿಲ್ಲದ ತಿಂಗಳುಗಳು ಅವರ ಓಟವನ್ನು ಕಡಿಮೆ ಮಾಡಲಿಲ್ಲ. ಬಿಡುವನ್ನು ಇಷ್ಟು ಸಹಜವಾಗಿ ಕಂಡ ನಾಡು, ಕಾಗದದ ಮೇಲೆ ಮಾತ್ರ ಅದನ್ನು ಅಪರಾಧ ಎಂದುಕೊಂಡಿದೆ.

ಆ ಹೆಣ್ಣುಮಗಳ ತಾಯಿ ಬೀಡಿ ಕಟ್ಟಿ ಮಗಳ ಫೀಸು ತೆತ್ತವರು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಮನೆಯ ಜಗಲಿಯಲ್ಲಿ ಮಾಡಿದ್ದೂ ದುಡಿಮೆ ಎಂದು ಒಪ್ಪಲು ಒಂದು ಕಾನೂನು ಬೇಕಾಯಿತು. ಅದೇ ಜಗಲಿಯಲ್ಲಿ ಮಗಳು ನಾಲ್ಕು ವರ್ಷ ತಂದೆಯನ್ನು ಎಬ್ಬಿಸಿ, ಕೂರಿಸಿ, ಉಣ್ಣಿಸಿದ್ದನ್ನು ಒಪ್ಪುವ ಪುಸ್ತಕ ಇನ್ನೂ ಬಂದಿಲ್ಲ.

1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. ಶಾಲೆ ಮುಗಿಯಿತು, ಮದುವೆಯಾಯಿತು, ನಾಲ್ಕು ಗಂಡುಮಕ್ಕಳನ್ನು ಬೆಳೆಸಿದರು. ಲಂಕೇಶ್ ಪತ್ರಿಕೆಗೆ ಬರೆಯತೊಡಗಿದಾಗ ಅವರಿಗೆ ನಲವತ್ತು ದಾಟಿತ್ತು. ಈಗಿನ ಕಂಪೆನಿಯ ಕಣ್ಣಿನಲ್ಲಿ ಅವರದು ಎರಡು ದಶಕಗಳಿಗೂ ಮಿಕ್ಕ ಖಾಲಿ ಜಾಗ. ಆದರೆ ಆ ಮನೆಯೊಳಗಿನ ವರ್ಷಗಳಲ್ಲಿ ಕಂಡದ್ದು ಕೇಳಿದ್ದು ಇಲ್ಲದಿದ್ದರೆ 'ಚಂದ್ರಗಿರಿಯ ತೀರದಲ್ಲಿ' ಎಲ್ಲಿಂದ ಬರಬೇಕಿತ್ತು?

ಆದರೂ ಸುಳ್ಳು ತುಂಬಿಸುವುದನ್ನು ನಾವು ಒಪ್ಪುವುದಿಲ್ಲ. ಮೊದಲನೆಯದಾಗಿ ಅದು ಸುಳ್ಳು. ಎರಡನೆಯದಾಗಿ ಅದು ನಿಲ್ಲುವುದಿಲ್ಲ. 2014ರಲ್ಲಿ ಭವಿಷ್ಯ ನಿಧಿಗೆ ಯುಎಎನ್ ಸಂಖ್ಯೆ ಬಂದ ಮೇಲೆ ಯಾವ ಕೆಲಸಕ್ಕೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದು ಒಂದೇ ಕಡೆ ದಾಖಲಾಗುತ್ತದೆ. ಹಳೆಯ ಕಂಪೆನಿಯಲ್ಲಿ ಎರಡು ವರ್ಷ ಹೆಚ್ಚು ಎಳೆದು ಬರೆದವರು ಹೀಗೇ ಸಿಕ್ಕಿಬೀಳುತ್ತಾರೆ. ಖಾಲಿ ವರ್ಷವನ್ನು ಕ್ಷಮಿಸುವ ಕಂಪೆನಿಯೂ ಸುಳ್ಳನ್ನು ಕ್ಷಮಿಸುವುದು ಕಷ್ಟ.

ನಾವು ಆ ಸಾಲನ್ನು ಹೊಡೆದುಹಾಕಿ ಹೀಗೆ ಬರೆದೆವು: 'ಕೆಲಸದಿಂದ ವಿರಾಮ: ತಂದೆಯ ಆರೈಕೆ ಮತ್ತು ಮಗುವಿನ ಪಾಲನೆ. ಆ ಜವಾಬ್ದಾರಿಗಳಿಗೆ ಈಗ ವ್ಯವಸ್ಥೆಯಾಗಿದೆ.' ಎದುರಿಗೆ ತಿಂಗಳು, ವರ್ಷ. ಕೆಳಗೆ, ಈ ಆರು ತಿಂಗಳಲ್ಲಿ ಅವಳು ನಿಜವಾಗಿ ಕಲಿತ ಹೊಸ ಸಾಫ್ಟ್‌ವೇರಿನ ಹೆಸರು. ಅಷ್ಟೇ. ತಂದೆಯ ಕಾಯಿಲೆಯ ವಿವರ ಬೇಡ, ಕಣ್ಣೀರು ಬೇಡ, ಕ್ಷಮೆಯಂತೂ ಬೇಡವೇ ಬೇಡ. ಸಂದರ್ಶನದಲ್ಲಿ ಕೇಳಿದರೆ ಇದನ್ನೇ ಮೂರು ವಾಕ್ಯದಲ್ಲಿ ಹೇಳಿ, ಮಾಡಬೇಕಾದ ಕೆಲಸದ ಕಡೆಗೆ ಮಾತು ತಿರುಗಿಸಬೇಕು. ಕಾಯಿಲೆ ಬಿದ್ದವರಿಗೂ, 2020ರಲ್ಲಿ ಕೆಲಸ ಕಳೆದುಕೊಂಡು ದುಬೈಯಿಂದ ಮರಳಿದ ನಮ್ಮ ಹುಡುಗರಿಗೂ ಇದೇ ಮಾತು ಸಲ್ಲುತ್ತದೆ.

ಇನ್ನು ಮೇಜಿನ ಆಚೆ ಕುಳಿತವರಿಗೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರವಾಯಿತು. 50 ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಆಯಿತು. ಆ ಕೇಂದ್ರವನ್ನು ತೆರೆಯದೆ, ಕೆಲಸ ಬಿಟ್ಟವಳನ್ನು 'ಯಾಕೆ ಬಿಟ್ಟೆ' ಎಂದು ಕೇಳುವುದು ನ್ಯಾಯವಲ್ಲ. ಬೇರೆ ರೀತಿಯಲ್ಲಿ ನಡೆದುಕೊಂಡವರೂ ಇದ್ದಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಆರಂಭಿಸಿದ ಮಹಿಳಾ ವಿಜ್ಞಾನಿ ಯೋಜನೆ ನಡುವೆ ಕೆಲಸ ಬಿಟ್ಟವರನ್ನೇ ಕರೆಯಿತು. 2008ರಲ್ಲಿ ಟಾಟಾ ಸಮೂಹ ಅಂಥ ಮಹಿಳೆಯರಿಗೆಂದೇ ಎರಡನೆಯ ವೃತ್ತಿಯ ಕಾರ್ಯಕ್ರಮ ಮಾಡಿತು. ಲಿಂಕ್ಡ್‌ಇನ್ 2022ರಲ್ಲಿ ವೃತ್ತಿ ವಿರಾಮಕ್ಕೆ ಪ್ರತ್ಯೇಕ ಜಾಗ ಕೊಟ್ಟಿತು. ದೊಡ್ಡವರಿಗೆ ಸಾಧ್ಯವಾದದ್ದು ನಮ್ಮ ಮಂಗಳೂರು, ಮೂಡುಬಿದಿರೆಯ ಕಚೇರಿಗಳಿಗೆ ಯಾಕೆ ಸಾಧ್ಯವಿಲ್ಲ?

ಉರ್ದು ಶಾಲೆಯಲ್ಲಿ ಕಲಿತ ನಮಗೆ ವಿರಾಮ ಎಂದರೆ 'ವಕ್ಫಾ'. ಚಿಕ್ಕಂದಿನಲ್ಲಿ ಕುರ್‌ಆನ್ ಓದಿಸುವಾಗ ಉಸ್ತಾದರು ಅಕ್ಷರಕ್ಕಿಂತ ಮೊದಲು ಸಾಲಿನ ಮೇಲಿನ ಪುಟ್ಟ ಗುರುತುಗಳನ್ನು ತೋರಿಸುತ್ತಿದ್ದರು. ನಿಲ್ಲಬೇಕಾದಲ್ಲಿ ನಿಲ್ಲದೆ ಓಡಿದರೆ ಅರ್ಥವೇ ಕೆಡುತ್ತದೆ ಎನ್ನುತ್ತಿದ್ದರು. ಈ ಮಾತನ್ನು ಅವಳಿಗೂ ಹೇಳಿದೆವು. ಅವಳು ಹೊಸ ಪ್ರತಿಯನ್ನು ಎರಡು ಸಲ ಓದಿ, 'ಅಬ್ಬನ ಹೆಸರಿಗೆ ಈಗ ನನ್ನ ಬಯೋಡೇಟಾದಲ್ಲಿ ಜಾಗ ಸಿಕ್ಕಿತು' ಎಂದಳು. ಮೊದಲಿನ ಪುಟದಲ್ಲಿ ಅವರು 'ಫ್ರೀಲ್ಯಾನ್ಸ್ ಕನ್ಸಲ್ಟೆಂಟ್' ಎಂಬ ಎರಡು ಪದಗಳ ಅಡಿಯಲ್ಲಿ ಹೂತುಹೋಗಿದ್ದರು.