ಭಂಡಾರಿಯ ಧರ್ಮ: ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯಗಳೂ ನಮ್ಮ ತಾಡೋಲೆಗಳೂ

ವಚನವಾಙ್ಮಯವು ಇಂದು ನಮಗೆ ಅಚ್ಚಿನ ಪುಸ್ತಕಗಳಲ್ಲಿ ಸುಲಭವಾಗಿ ದೊರೆಯುತ್ತಿರುವುದರಿಂದ ಅದರ ಮೂಲಾಧಾರವಾದ ತಾಡೋಲೆಗಳ ವಿಚಾರ ಹಿಂದೆ ಸರಿದಿದೆ. ಫ. ಗು. ಹಳಕಟ್ಟಿಯವರು (1880-1964) ಮನೆಮನೆಗಳಿಂದ, ಮಠಗಳಿಂದ ಓಲೆಯ ಕಟ್ಟುಗಳನ್ನು ಕೂಡಿಸಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಅಲ್ಲಿಂದ ಎಪ್ಪತ್ತು ವರ್ಷಗಳ ತರುವಾಯ, 1993ರಲ್ಲಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದು ಸಂಖ್ಯೆಯಲ್ಲಿ ಪ್ರಕಟವಾದವು. ಕನ್ನಡ ವಿದ್ವತ್ತು ಹೆಮ್ಮೆಪಡಬೇಕಾದ ಸಾಧನೆ ಇದು. ಆದರೆ ಅಚ್ಚಾದ ಮೇಲೆ ಓಲೆಯ ಗತಿ ಏನು, ಅದನ್ನು ಕಾಯುವ ಹೊಣೆ ಯಾರದು ಎಂಬ ಪ್ರಶ್ನೆಗೆ ನಮ್ಮಲ್ಲಿ ಇನ್ನೂ ನಿಶ್ಚಿತವಾದ ಉತ್ತರವಿಲ್ಲ. ವಿಶ್ವವಿದ್ಯಾನಿಲಯಗಳ ವಸ್ತುಸಂಗ್ರಹಾಲಯಗಳನ್ನೇ ಇಂಥ ಸಂಪತ್ತಿನ ಅಧಿಕೃತ ಭಂಡಾರಗಳೆಂದು ಗೊತ್ತುಪಡಿಸಬೇಕೆಂಬ ವಿಚಾರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಚ್ಚಾದ ಗ್ರಂಥವು ಸಂಪಾದಕನ ತೀರ್ಪು, ಓಲೆಯಾದರೋ ಸಾಕ್ಷಿ. ತೀರ್ಪನ್ನು ಪುನಃ ಪರಿಶೀಲಿಸಬೇಕಾದರೆ ಸಾಕ್ಷಿ ಉಳಿದಿರಬೇಕು. ‘ಶೂನ್ಯಸಂಪಾದನೆ’ಯನ್ನೇ ನೋಡಬಹುದು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯ ಎಂಬ ನಾಲ್ವರಿಂದ ಅದು ನಾಲ್ಕು ರೂಪಗಳನ್ನು ಪಡೆಯಿತು. ಇವುಗಳಲ್ಲಿ ವಚನಗಳ ಆಯ್ಕೆ ಬೇರೆ, ಕ್ರಮ ಬೇರೆ, ಎಷ್ಟೋ ಕಡೆ ಪಾಠವೂ ಬೇರೆ. ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬನೋ ಇಬ್ಬರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಬಹುಕಾಲ ನಡೆದಿದೆ. ಇಂಥ ಸಂದರ್ಭಗಳಲ್ಲಿ ಲಿಪಿಕಾರನ ಒಂದು ಅಕ್ಷರ, ಗ್ರಂಥಾಂತ್ಯದಲ್ಲಿ ಆತ ಬರೆದ ಸಂವತ್ಸರ, ಊರಿನ ಹೆಸರು, ಯಾರಿಗಾಗಿ ಪ್ರತಿಮಾಡಿದನೆಂಬ ಮಾತು, ಇವೆಲ್ಲ ಪ್ರಮಾಣಗಳಾಗುತ್ತವೆ. ಓಲೆ ಹೋದರೆ ಈ ಪ್ರಮಾಣವೂ ಹೋಗುತ್ತದೆ. ಆಮೇಲೆ ಉಳಿಯುವುದು ವಾದ ಮಾತ್ರ.

ವಿದ್ಯಾಪೀಠಗಳು ಇಂಥ ಹೊಣೆಯನ್ನು ಹೊರುವುದು ಲೋಕದಲ್ಲಿ ಹೊಸದೇನಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಆಶ್ಮೋಲಿಯನ್ ಸಂಗ್ರಹಾಲಯವು 1683ರಲ್ಲಿ ತೆರೆದಾಗ ನಾಣ್ಯಗಳೂ ಪ್ರಾಣಿಗಳ ಅವಶೇಷಗಳೂ ಒಂದೇ ಸೂರಿನಡಿಯಲ್ಲಿದ್ದವು. ಅಮೆರಿಕದ ಫ್ಲೋರಿಡಾ ರಾಜ್ಯದ ಶಾಸನಸಭೆ 1917ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಸಂಗ್ರಹಾಲಯಕ್ಕೆ ರಾಜ್ಯದ ಅಧಿಕೃತ ಸಂಗ್ರಹಾಲಯವೆಂಬ ಸ್ಥಾನವನ್ನು ಶಾಸನದ ಮೂಲಕವೇ ಕೊಟ್ಟಿತು. ನಮ್ಮ ನಾಡಿನಲ್ಲಿ 1891ರಲ್ಲಿ ಹುಟ್ಟಿದ ಮೈಸೂರಿನ ಪ್ರಾಚ್ಯ ಗ್ರಂಥಾಲಯ ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾಯಿತು; 1939ರಲ್ಲಿ ಆರಂಭವಾದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಕರ್ನಾಟಕ ವಿಶ್ವವಿದ್ಯಾನಿಲಯವನ್ನು ಸೇರಿತು. ನಮ್ಮ ಕುಂದಾಪುರ ಸೀಮೆಯಿಂದ ಘಟ್ಟ ಹತ್ತಿದರೆ ದೊರೆಯುವ ಕೆಳದಿಯ ವಸ್ತುಸಂಗ್ರಹಾಲಯವು ಕೆಳದಿ ಗುಂಡಾ ಜೋಯಿಸರ ಏಕಾಂಗಿ ಪರಿಶ್ರಮದಿಂದ ಬೆಳೆದು ಇಂದು ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದೆ. ‘ಶಿವತತ್ತ್ವರತ್ನಾಕರ’ವನ್ನು ರಚಿಸಿದ ಬಸವರಾಜನ ವಂಶದವರು ಬಾರಕೂರು, ಬಸರೂರುಗಳನ್ನೂ ಆಳಿದವರಾದುದರಿಂದ ಕರಾವಳಿಯ ಚರಿತ್ರೆಗೂ ಅಲ್ಲಿಯ ಕಾಗದಪತ್ರ, ಓಲೆಗಳಿಗೂ ನೇರವಾದ ಸಂಬಂಧವುಂಟು.

ಆದರೆ ಇವೆಲ್ಲವೂ ವ್ಯಕ್ತಿಗಳ ಶ್ರದ್ಧೆಯಿಂದ, ಕಾಲಕಾಲದ ಅನುಕೂಲದಿಂದ ಕೂಡಿಬಂದ ಸಂಗ್ರಹಗಳು. ಇಂಥ ವಸ್ತುವನ್ನು ಇಂಥಲ್ಲಿಯೇ ಒಪ್ಪಿಸತಕ್ಕದ್ದು, ಒಪ್ಪಿಸಿಕೊಂಡವರು ಹೀಗೆಯೇ ಕಾಯತಕ್ಕದ್ದು ಎಂಬ ಕಟ್ಟುಪಾಡು ಇವುಗಳ ಹಿಂದೆ ಇಲ್ಲ. ಆಶ್ಚರ್ಯದ ಸಂಗತಿಯೆಂದರೆ, ಗಿಡಮೂಲಿಕೆ ಮತ್ತು ಜೀವಜಂತುಗಳ ವಿಷಯದಲ್ಲಿ ನಮ್ಮ ದೇಶದ ಶಾಸನ ಈ ಕಟ್ಟುಪಾಡನ್ನು ಮಾಡಿಯೇ ಇದೆ. 2002ರ ಜೈವಿಕ ವೈವಿಧ್ಯ ಅಧಿನಿಯಮದ 39ನೆಯ ಪ್ರಕರಣದಂತೆ ಕೇಂದ್ರ ಸರ್ಕಾರವು ಕೆಲವು ಸಂಸ್ಥೆಗಳನ್ನು ಅಧಿಕೃತ ಭಂಡಾರಗಳೆಂದು ಗೊತ್ತುಪಡಿಸಬಹುದು. ಹೊಸ ಜೀವಜಾತಿಯನ್ನು ಕಂಡುಹಿಡಿದವರು ಯಾರೇ ಆಗಲಿ ಅದನ್ನು ಆ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು. ಓಲೆಗೆ ಈ ಭಾಗ್ಯವಿಲ್ಲ. 1972ರ ಪುರಾವಸ್ತು ಅಧಿನಿಯಮವು ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮಹತ್ತ್ವದ ಹಸ್ತಪ್ರತಿಯನ್ನು ಪುರಾವಸ್ತುವೆಂದು ಒಪ್ಪಿದೆ, ನಿಜ. ಆದರೆ 1976ರಲ್ಲಿ ನೋಂದಣಿ ಕಡ್ಡಾಯವಾದಾಗ ಹಸ್ತಪ್ರತಿಗಳ ಪೈಕಿ ಲೆಕ್ಕಕ್ಕೆ ಬಂದದ್ದು ಚಿತ್ರಾಲಂಕಾರವುಳ್ಳವು ಮಾತ್ರ. ಚಿತ್ರವಿಲ್ಲದ, ಬರಿಯ ಅಕ್ಷರವುಳ್ಳ ವಚನದ ಕಟ್ಟು ಆ ಪಟ್ಟಿಯಿಂದ ಹೊರಗುಳಿಯಿತು. ಬಣ್ಣಕ್ಕೆ ಇದ್ದ ಮನ್ನಣೆ ಮಾತಿಗೆ ದೊರೆಯಲಿಲ್ಲವೆಂದರೆ ಕಟುವಾದೀತು, ಸುಳ್ಳಾಗದು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಪಟ್ಟಿಮಾಡುವ, ಸಂರಕ್ಷಿಸುವ ಕೆಲಸವನ್ನು ಕೈಗೊಂಡದ್ದು ಶ್ಲಾಘ್ಯ. ಆದರೂ ಅಭಿಯಾನ ಬೇರೆ, ಶಾಶ್ವತವಾದ ಹೊಣೆ ಬೇರೆ.

ನಿಸರ್ಗದ ಮಾದರಿಗಳನ್ನೂ ಸಂಸ್ಕೃತಿಯ ವಸ್ತುಗಳನ್ನೂ ಒಂದೇ ವಿದ್ಯಾಪೀಠ ಕಾಯಬೇಕೆನ್ನುವುದಕ್ಕೆ ತಾಡೋಲೆಯೇ ತಕ್ಕ ನಿದರ್ಶನ. ಓಲೆ ಮೊದಲು ಮರದ ಗರಿ, ಅನಂತರ ಗ್ರಂಥ. ನಮ್ಮ ಕರಾವಳಿಯಲ್ಲಿ ಅಲ್ಲಲ್ಲಿ ಉಳಿದಿರುವ ಶ್ರೀತಾಳೆ ಹಲವು ದಶಕ ಬೆಳೆದು, ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು, ಕಾಯಿ ಮಾಗಿದ ಮೇಲೆ ಒಣಗಿಹೋಗುವ ಮರ. ಅದರ ಗರಿ ಅಗಲ, ತೆಳುವು, ಮೃದು. ಸಾಮಾನ್ಯ ತಾಳೆಯ ಗರಿ ಕಿರಿದು, ಒರಟು. ಓಲೆ ಯಾವ ಮರದ್ದೆಂದು ಸಸ್ಯಶಾಸ್ತ್ರಜ್ಞ ಹೇಳಿದರೆ ಆ ಕಟ್ಟಿನ ಮೂಲವನ್ನು ಗುರುತಿಸಲು ಸಂಪಾದಕನಿಗೊಂದು ಸುಳಿವು ಸಿಕ್ಕಿತು. ಓಲೆಯನ್ನು ಕೊರೆಯುವ ಹುಳುವನ್ನು ಬಲ್ಲವನು ಪ್ರಾಣಿಶಾಸ್ತ್ರಜ್ಞ. ಲೇಪಿಸಬೇಕಾದ ಎಣ್ಣೆಯ ಗುಣವನ್ನು ಬಲ್ಲವನು ರಸಾಯನಶಾಸ್ತ್ರಜ್ಞ. ಇವರೆಲ್ಲ ಒಂದೆಡೆ ಸೇರುವುದು ವಿಶ್ವವಿದ್ಯಾನಿಲಯದಲ್ಲಿ. ಬಾಳಿನ ಕೊನೆಯ ದಶಕಗಳನ್ನು ಸಾಲಿಗ್ರಾಮದಲ್ಲಿ ಕಳೆದ ಶಿವರಾಮ ಕಾರಂತರು (1902-1997) ‘ಯಕ್ಷಗಾನ ಬಯಲಾಟ’ವನ್ನೂ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಒಬ್ಬರೇ ಬರೆದರು. ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ಕೂಡಿದ್ದ ಈ ಎರಡು ಆಸಕ್ತಿಗಳು ಒಂದು ಸಂಸ್ಥೆಯಲ್ಲಿ ಕೂಡಲಾರವೆ?

ಇನ್ನು ಆಕ್ಷೇಪಗಳನ್ನು ವಿಚಾರಿಸಬೇಕು. ಎಲ್ಲವನ್ನೂ ಒಂದೆಡೆ ರಾಶಿಹಾಕುವುದು ಅಪಾಯವೆಂಬ ಮಾತಿನಲ್ಲಿ ಹುರುಳಿದೆ. ಬ್ರೆಜಿಲ್ ದೇಶದ ರಿಯೊ ನಗರದ ವಿಶ್ವವಿದ್ಯಾನಿಲಯಕ್ಕೆ ಸೇರಿದ ರಾಷ್ಟ್ರೀಯ ಸಂಗ್ರಹಾಲಯ 2018ರ ಸೆಪ್ಟೆಂಬರ್ 2ರಂದು ಬೆಂಕಿಗೆ ತುತ್ತಾಗಿ, ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಭಾಗ ನಾಶವಾಯಿತು. ಅಧಿಕೃತವೆಂಬ ಫಲಕ ಬೆಂಕಿಯನ್ನು ತಡೆಯುವುದಿಲ್ಲ. ಆದ್ದರಿಂದ ರಾಜಧಾನಿಯಲ್ಲಿ ಒಂದೇ ಭಂಡಾರ ಸಲ್ಲದು. ಆಯಾ ಸೀಮೆಯ ವಿಶ್ವವಿದ್ಯಾನಿಲಯ ಆಯಾ ಸೀಮೆಯ ಹೊಣೆ ಹೊರಬೇಕು. ನಮ್ಮ ಕರಾವಳಿಗೆ 1980ರಲ್ಲಿ ಸ್ಥಾಪಿತವಾದ ಮಂಗಳೂರು ವಿಶ್ವವಿದ್ಯಾನಿಲಯ ಸಹಜವಾದ ಸ್ಥಾನ. ಮಠದಲ್ಲಿ ಪೂಜೆಗೊಳ್ಳುವ ಕಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಸರಿಯೆ ಎಂಬುದು ಎರಡನೆಯ ಆಕ್ಷೇಪ. ಪೂಜೆಯಲ್ಲಿರುವ ಓಲೆ ಪೂಜಾಸ್ಥಾನದಲ್ಲೇ ಇರಲಿ. ಅದರ ಛಾಯಾಪ್ರತಿ ಮತ್ತು ವಿವರ ಭಂಡಾರದಲ್ಲಿರಲಿ. ಪೂಜೆಯೂ ಇಲ್ಲದೆ ಓದುವವರೂ ಇಲ್ಲದೆ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಕಟ್ಟಿಗೆ ಈ ಆಕ್ಷೇಪ ಅನ್ವಯಿಸದು.

ಕೊಟ್ಟವರ ಹೆಸರೂ ಉಳಿಯಬೇಕು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ ಭಾರತೀಯ ಇತಿಹಾಸದ ಕಲ್ಪನೆಯನ್ನೇ ಬದಲಿಸಿತು. ಆ ಓಲೆಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸಿದವರು ತಂಜಾವೂರು ಸೀಮೆಯ ಒಬ್ಬ ಪಂಡಿತರು ಎಂದಷ್ಟೇ ಲೋಕ ಬಲ್ಲದು. ಅಂಥ ದಾನಿಯ ಹೆಸರು ಮರೆಯಾದದ್ದು ದಾಖಲೆಯ ಕೊರತೆಯೇ ಸರಿ.

ಬಸವಣ್ಣನವರನ್ನು ನಮ್ಮ ಪರಂಪರೆ ಭಂಡಾರಿಯೆಂದು ಕರೆದಿದೆ. ಬೊಕ್ಕಸವನ್ನು ಜಂಗಮರಿಗೆ ಸುರಿದರೆಂದು ಬಿಜ್ಜಳನಲ್ಲಿ ದೂರು ಬಂದಾಗ, ಎಣಿಸಿ ನೋಡಲು ಹಣವೆಲ್ಲ ಸರಿಯಾಗಿಯೇ ಇದ್ದಿತೆಂಬ ಪ್ರಸಂಗ ‘ಬಸವಪುರಾಣ’ದಲ್ಲಿದೆ. ಪವಾಡದ ಅಂಶವನ್ನು ಬದಿಗಿಟ್ಟು ನೋಡಿದರೂ ಅಲ್ಲಿ ಭಂಡಾರಿಯ ಧರ್ಮ ಸ್ಪಷ್ಟವಾಗಿದೆ: ತನ್ನದಲ್ಲದ್ದನ್ನು ಕಾಯುವುದು, ಅರ್ಹರಿಗೆ ತೆರೆದಿಡುವುದು, ಕೇಳಿದಾಗ ಲೆಕ್ಕಕ್ಕೆ ನಿಲ್ಲುವುದು. ವಿಶ್ವವಿದ್ಯಾನಿಲಯಗಳಿಗೆ ಅಧಿಕೃತ ಸ್ಥಾನ ಕೊಡುವ ಶಾಸನದಲ್ಲಿ ಈ ಮೂರೂ ಇರಬೇಕು. ಬಂದ ಪ್ರತಿಯೊಂದು ಕಟ್ಟಿಗೂ ಸಂಖ್ಯೆ, ಊರು, ಕೊಟ್ಟವರ ಹೆಸರು ದಾಖಲಾಗಬೇಕು; ಸೂಚಿ ಪ್ರಕಟವಾಗಬೇಕು; ವಿದ್ಯಾರ್ಥಿಗೆ ಓಲೆ ಓದಲು ದೊರೆಯಬೇಕು; ವರ್ಷಕ್ಕೊಮ್ಮೆ ಎಣಿಕೆಯಾಗಬೇಕು. ಇವಿಲ್ಲದೆ ಬರಿಯ ಹೆಸರಿಗೆ ಅಧಿಕೃತವಾದ ಭಂಡಾರವು ಅಟ್ಟಕ್ಕಿಂತ ದೊಡ್ಡದಾದ ಇನ್ನೊಂದು ಅಟ್ಟವಾದೀತು.

ಶಾಸನ ಬರುವವರೆಗೆ ಭಕ್ತಜನರು ಮಾಡಬಹುದಾದ ಕೆಲಸವೊಂದಿದೆ. ಹಿರಿಯರು ಬಿಟ್ಟುಹೋದ ಓಲೆಗಳನ್ನು ಪವಿತ್ರವೆಂದು ಹೊಳೆಗೆ ಬಿಡುವ ವಾಡಿಕೆ ಹಲವು ಮನೆಗಳಲ್ಲಿದೆ. ಹಾಗೆ ಬಿಡುವ ಮುನ್ನ ಅದನ್ನು ಓದಬಲ್ಲವರಿಗೊಮ್ಮೆ ತೋರಿಸುವ ಕೃಪೆಯನ್ನು ಅವರು ಮಾಡಲಿ. ಮಠಗಳು ತಮ್ಮಲ್ಲಿರುವ ಕಟ್ಟುಗಳ ಪಟ್ಟಿಯನ್ನು ಸಿದ್ಧಪಡಿಸಲಿ.