ಮೇಳ ಬದಲಾದರೂ ತಾಳ ಬಿಡದವರು

ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ 1964ರಲ್ಲಿ ಆರಂಭಿಸಿದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಮೂಲತಃ ಲಯವಾದ್ಯ ಕಲಿಸುವ ಶಾಲೆ. ಅದೇ ಮುಂದೆ ಜಾಝ್-ರಾಕ್ ಕಲಾವಿದರೊಡನೆ ನುಡಿಸುವ ಮೇಳವೂ ಆಯಿತು. ಜರ್ಮನಿಯ ‘ಎಂಬ್ರಿಯೊ’, ಅದರಿಂದ ಹೊರಬಂದವರ ‘ಡಿಸಿಡೆಂಟನ್’, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ, ಹೀಗೆ ಜೊತೆಗಾರರು ಬದಲಾಗುತ್ತಲೇ ಇದ್ದರು. ಮಣಿಯವರ ಮೃದಂಗ, ಅವರ ಪತ್ನಿ ಆರ್.ಎ. ರಮಾಮಣಿಯವರ ಗಾಯನ ಮಾತ್ರ ತಮ್ಮ ಜಾಗ ಬಿಡಲಿಲ್ಲ.

ಜಾಗ ಬಿಡದಿದ್ದರೂ ದನಿ ಮುಳುಗಬಹುದು. 1982ರ ‘ಜರ್ಮನಿಸ್ತಾನ್’ನಲ್ಲಿ ಡ್ರಮ್ಸ್, ಬಾಸ್ ಗಿಟಾರ್‌ಗಳ ಭರದಲ್ಲಿ ನಮ್ಮ ಲಯವಾದ್ಯಗಳು ಅಲ್ಲಲ್ಲಿ ಬರಿಯ ಮೆರುಗಾಗಿಬಿಡುತ್ತವೆ. (ಕಬನೂರಿನ ವಿದ್ಯುತ್ ಮಗ್ಗಗಳ ನಡುವೆ ಮಾತಾಡುವವರಿಗೆ ಈ ಕಷ್ಟ ಗೊತ್ತು!) 1983ರ ‘ಜ್ಯೋತಿ’ಯ ರೀತಿಯೇ ಬೇರೆ. ಅಲ್ಲಿ ಗಿಟಾರೂ ಇಲ್ಲ, ಡ್ರಮ್ಸೂ ಇಲ್ಲ. ಮೊದಲಿಗೆ ಕೇಳುವುದು ರಮಾಮಣಿಯವರ ಕಂಠ. ಆರ್.ಎ. ರಾಜಗೋಪಾಲರ ಘಟ, ಟಿ.ಎನ್. ಶಶಿಕುಮಾರರ ಖಂಜಿರ, ಕೊನ್ನಕ್ಕೋಲಿನ ಸೊಲ್ಲುಕಟ್ಟು ಒಂದೊಂದೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ಚೆಂಡೆಯ ತಾಯಂಬಕ ಕೇಳಿ ಬೆಳೆದ ಕಾಸರಗೋಡಿನ ಓದುಗರಿಗೆ ಈ ಲೆಕ್ಕಾಚಾರ ಹೊಸತೇನಲ್ಲ.

ಮರಿಯಾನೊ ಇಲ್ಲಿ ಅತಿಥಿಯಂತೆ ಕಾದು, ಕೇಳಿ, ಆಮೇಲೆ ಊದುತ್ತಾರೆ. ಆದರೂ ಧ್ವನಿಮುದ್ರಿಕೆಯ ಮೇಲೆ ಮೊದಲ ಹೆಸರು ಅವರದೇ. ಮಾರಾಟದ ದೃಷ್ಟಿಯಿಂದ ಅದು ಸರಿಯಿರಬಹುದು, ಸಂಗೀತದ ದೃಷ್ಟಿಯಿಂದ ನಾನು ಒಪ್ಪಲಾರೆ. ಅವರನ್ನು ಕರೆದು ಕೂರಿಸಿಕೊಂಡ ಮನೆ ಬೆಂಗಳೂರಿನದು.

ಮರಿಯಾನೊ 2009ರಲ್ಲಿ, ಮಣಿ 2020ರಲ್ಲಿ ತೀರಿಕೊಂಡರು. ಎರಡೂ ಮುದ್ರಿಕೆಗಳನ್ನು ಹೊಸದಾಗಿ ಕೇಳುವವರು ‘ಜ್ಯೋತಿ’ಯನ್ನೇ ಮೊದಲು ಕೇಳಲಿ. ಆಮೇಲೆ ‘ಜರ್ಮನಿಸ್ತಾನ್’ನ ಗದ್ದಲದೊಳಗೂ ಮೃದಂಗ ಎಲ್ಲಿದೆಯೆಂದು ಕಿವಿಯೇ ಹುಡುಕಿಕೊಳ್ಳುತ್ತದೆ.