‘ಗಾವುಂಡ’ ಶಬ್ದದ ಅರ್ಥವಿಚಾರ

ಕನ್ನಡ ಶಾಸನಗಳನ್ನು ಓದುವವರಿಗೆ ‘ಗಾವುಂಡ’ ಎಂಬ ಶಬ್ದಕ್ಕಿಂತ ಹೆಚ್ಚು ಪರಿಚಿತವಾದ ಶಬ್ದಗಳು ಕೆಲವೇ. ದಾನವನ್ನು ಕೊಡುವವನೂ ಅದಕ್ಕೆ ಸಾಕ್ಷಿಯಾಗಿ ನಿಲ್ಲುವವನೂ ತುರುಗಾಳಗದಲ್ಲಿ ಬಿದ್ದು ಕಲ್ಲಾಗುವವನೂ ಅನೇಕವೇಳೆ ಗಾವುಂಡನೇ ಆಗಿರುತ್ತಾನೆ. ಈ ಅತಿಪರಿಚಯದಿಂದಲೇ ಶಬ್ದದ ಅರ್ಥವಿಚಾರದಲ್ಲಿ ಔದಾಸೀನ್ಯವುಂಟಾಗಿದೆಯೆಂದು ತೋರುತ್ತದೆ. ಟಿಪ್ಪಣಿಕಾರರು ಒಂದೆಡೆ ‘ಊರ ಮುಖ್ಯಸ್ಥ’ ಎಂದೂ, ಇನ್ನೊಂದೆಡೆ ‘ಒಕ್ಕಲಿಗ’ ಎಂದೂ, ಮತ್ತೊಂದೆಡೆ ‘ಗೌಡಜಾತಿಯವನು’ ಎಂದೂ ಬರೆದು ಮುಂದೆ ಸಾಗುವರು. ಈ ಮೂರು ಅರ್ಥಗಳೂ ಶಬ್ದಕ್ಕೆ ಉಂಟು. ಆದರೆ ಅವು ಒಂದೇ ಕಾಲದವಲ್ಲ. ಹತ್ತನೆಯ ಶತಮಾನದ ಶಿಲೆಯ ಮೇಲೆ ಇಪ್ಪತ್ತನೆಯ ಶತಮಾನದ ಅರ್ಥವನ್ನು ಕೂರಿಸಿದರೆ ಶಾಸನವು ಹೇಳದ ಮಾತನ್ನು ಅದರ ಬಾಯಲ್ಲಿ ಹೇಳಿಸಿದಂತಾಗುವುದು.

ಮೊದಲು ನಿಷ್ಪತ್ತಿಯನ್ನು ನೋಡೋಣ. ‘ಗ್ರಾಮವೃದ್ಧ’ ಶಬ್ದದಿಂದ ಇದು ಬಂದಿತೆನ್ನುವವರುಂಟು. ಅರ್ಥವೇನೋ ಹೊಂದುತ್ತದೆ, ಧ್ವನಿ ಹೊಂದುವುದಿಲ್ಲ. ‘ಗ್ರಾಮಕೂಟ’ವೇ ಇದರ ಮೂಲವೆಂಬ ಪಕ್ಷವು ಹೆಚ್ಚು ಬಲವಾದುದು. ರಾಷ್ಟ್ರಕೂಟರ ತಾಮ್ರಪಟಗಳಲ್ಲಿ ರಾಷ್ಟ್ರಪತಿ, ವಿಷಯಪತಿಗಳಾದ ಮೇಲೆ ಗ್ರಾಮಕೂಟರಿಗೆ ಆಜ್ಞೆಯನ್ನು ತಿಳಿಸುವುದು ವಾಡಿಕೆ. ಕೂಟವೆಂದರೆ ಶಿಖರ, ಊರಿಗೆ ಶಿಖರಪ್ರಾಯನಾದವನು ಗ್ರಾಮಕೂಟ. ಆ ರಾಜವಂಶದ ಹೆಸರೂ ಇದೇ ರೀತಿಯ ಸಮಾಸವೆಂಬುದು ಗಮನಾರ್ಹ. ಪ್ರಾಕೃತದಲ್ಲಿ ಸ್ವರಮಧ್ಯದ ಕಕಾರವು ಲೋಪವಾಗಿ ಟಕಾರವು ಡಕಾರವಾಗುವುದು ಸಹಜವಾದುದರಿಂದ ‘ಗಾಮಊಡ’ ಎಂಬ ರೂಪವು ಸಿದ್ಧಿಸುತ್ತದೆ. ಬಿಂದುವು ಮಾತ್ರ ಆಗಂತುಕ. ‘ಗಾಮುಂಡ’ವು ಬಳಿಕ ‘ಗಾವುಂಡ’ವಾದುದಕ್ಕೆ ‘ಚಾಮುಂಡ’ವು ‘ಚಾವುಂಡ’ವಾದುದೇ ದೃಷ್ಟಾಂತ. ಗವುಂಡ, ಗೌಂಡ, ಕೊನೆಗೆ ಬಿಂದುವನ್ನು ಕಳೆದುಕೊಂಡ ಗೌಡ, ಹೀಗೆ ರೂಪಪರಂಪರೆಯು ಸಾಗುವುದು. ಕೊಂಗುನಾಡಿನ ತಮಿಳಿನ ‘ಕವುಂಡರ್’ ಎಂಬುದರಲ್ಲಿ ನಾವು ಕಳೆದುಕೊಂಡ ಅನುನಾಸಿಕವು ಇಂದಿಗೂ ಉಳಿದಿದೆ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ವಂಗದೇಶದ ಭಾಗವೊಂದಕ್ಕೆ ಸಂಸ್ಕೃತದಲ್ಲಿ ಗೌಡವೆಂಬ ಹೆಸರುಂಟು. ಆಲಂಕಾರಿಕರ ಗೌಡಮಾರ್ಗವೂ ಗೌಡಸಾರಸ್ವತರ ಗೌಡವೂ ಆ ದೇಶನಾಮಕ್ಕೆ ಸಂಬಂಧಪಟ್ಟವು. ಈ ಸಾದೃಶ್ಯವನ್ನು ಹಿಡಿದು ನಮ್ಮ ಗೌಡರನ್ನು ವಂಗದೇಶದಿಂದ ಕರೆತರುವ ಪ್ರಯತ್ನಗಳೂ ನಡೆದಿವೆ. ‘ಗಾಮುಂಡ’ ಎಂಬ ಪ್ರಾಚೀನರೂಪವನ್ನು ಎದುರಿಗಿಟ್ಟುಕೊಂಡವರಿಗೆ ಅಂತಹ ದೀರ್ಘಪ್ರಯಾಣದ ಅಗತ್ಯವಿಲ್ಲ.

ಪ್ರಾಚೀನಶಾಸನಗಳಲ್ಲಿ ಈ ಶಬ್ದವು ಅಧಿಕಾರವಾಚಕವೇ ಹೊರತು ಜಾತಿವಾಚಕವಲ್ಲವೆಂಬುದಕ್ಕೆ ವ್ಯಾಕರಣವೇ ಸಾಕ್ಷಿ. ‘ಅರಸುಗೆಯ್’ ಎಂಬಂತೆಯೇ ‘ಗಾವುಂಡುಗೆಯ್’ ಎಂಬ ಪ್ರಯೋಗವುಂಟು. ಮಾಡುವಂತಹುದು ಕಾರ್ಯ, ಜಾತಿಯನ್ನು ಯಾರೂ ಮಾಡಲಾರರು. ಊರಿಗೆ ಊರ್ಗಾವುಂಡ, ನಾಡಿಗೆ ನಾಳ್ಗಾವುಂಡ, ಇವಲ್ಲದೆ ಪ್ರಭುಗಾವುಂಡ, ಪ್ರಜೆಗಾವುಂಡ ಎಂಬ ವಿಭಾಗಗಳೂ ಅಧಿಕಾರದ ವ್ಯಾಪ್ತಿಯನ್ನೂ ಮೂಲವನ್ನೂ ಸೂಚಿಸುವಂತಹವು. ಪ್ರಜೆಗಾವುಂಡನೆಂದರೆ ಪ್ರಜೆಗಳ ಪಕ್ಷವನ್ನು ವಹಿಸಿದವನೆಂದು ಹೇಳುವ ವಿದ್ವಾಂಸರ ಮಾತು ಯುಕ್ತವಾಗಿಯೇ ಇದೆ. ಆದರೆ ಅದರಿಂದ ಇಂದಿನ ಚುನಾವಣೆಯಂತಹ ಪದ್ಧತಿಯೊಂದನ್ನು ಊಹಿಸುವುದು ಸಾಹಸ.

ಎಲ್ಲಕ್ಕಿಂತಲೂ ಬಲವಾದ ಪ್ರಮಾಣವು ಬಂದಣಿಕೆಯ ಶಾಸನದಲ್ಲಿದೆ. ಹತ್ತನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಆಳಿಕೆಯಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮಡಿಯಲು, ಆ ಅಧಿಕಾರವು ಅವನ ಪತ್ನಿಯಾದ ಜಕ್ಕಿಯಬ್ಬೆಗೆ ಬಂದಿತು. ಆಕೆ ನಾಡನ್ನು ಚೆನ್ನಾಗಿ ನಡೆಸಿ, ಕಡೆಗೆ ವ್ಯಾಧಿಗ್ರಸ್ತಳಾಗಿ ಬಂದಣಿಕೆಯ ತೀರ್ಥದಲ್ಲಿ ಸಲ್ಲೇಖನವ್ರತದಿಂದ ದೇಹತ್ಯಾಗ ಮಾಡಿದಳು. ಈಕೆಯನ್ನು ‘ಗಾವುಂಡನ ಹೆಂಡತಿ’ ಎಂದು ಅರ್ಥೈಸಿ ಬಿಡುವುದಕ್ಕಾಗುವುದಿಲ್ಲ. ‘ಗಾವುಂಡಿ’ ಎಂಬ ಸ್ತ್ರೀರೂಪವು ಅನೇಕ ಕಡೆ ಪತ್ನಿಯೆಂಬರ್ಥದಲ್ಲಿ ಬರುವುದು ನಿಜ. ಜಕ್ಕಿಯಬ್ಬೆಯ ವಿಷಯದಲ್ಲಾದರೋ ಆಕೆ ವಹಿಸಿದುದು ಗಾವುಂಡುತನವನ್ನೇ. ತರಗತಿಯಲ್ಲಿ ಈ ಶಾಸನವನ್ನು ಪಾಠ ಹೇಳುವ ಉಪಾಧ್ಯಾಯರು ಪದವಿಯನ್ನು ಜಾತಿಯೆಂದು ತಿಳಿಸಿದರೆ, ಶಾಸನದ ವೈಶಿಷ್ಟ್ಯವೇ ವಿದ್ಯಾರ್ಥಿಗಳ ಕೈತಪ್ಪಿ ಹೋಗುವುದು.

ಅಧಿಕಾರನಾಮವು ಕುಲನಾಮವಾದುದು ಹೇಗೆ? ವೀರಗಲ್ಲುಗಳು ಇದಕ್ಕೆ ಸ್ವಲ್ಪಮಟ್ಟಿಗೆ ಉತ್ತರ ಕೊಡುತ್ತವೆ. ಊರಿಗಾಗಿ ಸತ್ತವನ ಮನೆಯವರಿಗೆ ಕಲ್ನಾಡು, ಬಾಳ್ಗಚ್ಚು, ನೆತ್ತರುಗೊಡಗೆ ಮೊದಲಾದ ಹೆಸರುಗಳಿಂದ ಭೂಮಿಯನ್ನು ಬಿಡುತ್ತಿದ್ದರು. ಭೂಮಿಯು ಮಗನಿಗೆ ಬಂದರೆ ಮನ್ನಣೆಯೂ ಬರುವುದು ಸ್ವಾಭಾವಿಕ. ಮೂರು ತಲೆಗಳಾಗುವ ಹೊತ್ತಿಗೆ ಬಿರುದು ಮನೆತನದ್ದಾಗುವುದು. ಗಾವುಂಡರ ಮನೆತನಗಳೊಡನೆ ಬಾಂಧವ್ಯ ಬೆಳೆಸಿದವರೆಲ್ಲರೂ ಆ ಹೆಸರಿನಲ್ಲಿ ಪಾಲುದಾರರಾದರೆಂದು ಊಹಿಸಬಹುದಾಗಿದೆ. ವಿಜಯನಗರದ ಕಾಲಕ್ಕೆ ಬರುವಾಗ ಆವತಿಯ ನಾಡಪ್ರಭುಗಳ ಸಂತತಿಯಲ್ಲಿ ಗೌಡಶಬ್ದವು ಅಂಕಿತನಾಮದ ಅಂಗವೇ ಆಗಿರುವುದನ್ನು ಕಾಣುತ್ತೇವೆ. 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ಕೆಂಪೇಗೌಡನು ಗೌಡನೆಂಬುದು ಒಂದೂರಿನ ಮುಖ್ಯಸ್ಥನೆಂಬ ಅರ್ಥದಲ್ಲಲ್ಲ. ಅವನ ಅಧಿಕಾರವನ್ನು ತಿಳಿಸುವ ಶಬ್ದ ‘ಯಲಹಂಕನಾಡಪ್ರಭು’ ಎಂಬುದು. ಸುಗಟೂರಿನ ತಮ್ಮೇಗೌಡನ ವಿಷಯವೂ ಹೀಗೆಯೇ. ಶಬ್ದವು ಪದವಿಯನ್ನು ಬಿಟ್ಟು ಕುಲವನ್ನು ಸೇರಿತು. ಪದವಿಗೆ ಬೇರೆ ಮಾತು ಬೇಕಾಯಿತು.

ಆದರೂ ಹಳೆಯ ಅರ್ಥವು ಪೂರ್ತಿಯಾಗಿ ಸಾಯಲಿಲ್ಲ. ಉತ್ತರಕನ್ನಡದ ಹಾಲಕ್ಕಿ ಒಕ್ಕಲಿಗರಲ್ಲಿ ಎಲ್ಲರೂ ಗೌಡರೇ. ಆದರೂ ಅವರಲ್ಲಿ ಊರಗೌಡ, ಸೀಮೆಗೌಡ ಎಂಬ ಮುಖಂಡರು ಬೇರೆ. ಕೊಡಗು ಮತ್ತು ಸುಳ್ಯದ ಕಡೆಯ ಅರೆಭಾಷೆ ಗೌಡರಲ್ಲಿಯೂ ಹತ್ತು ಕುಟುಂಬ ಹದಿನೆಂಟು ಗೋತ್ರಗಳ ವ್ಯವಸ್ಥೆಯೊಳಗೆ ಊರುಗೌಡ, ಒತ್ತುಗೌಡ, ಮಾಗಣೆಗೌಡ ಎಂಬವರುಂಟು. ಮದುವೆ ಮೊದಲಾದ ಕಾರ್ಯಗಳಲ್ಲಿ ಇವರಿಗೆ ಸಲ್ಲಬೇಕಾದ ಮರ್ಯಾದೆ ನಿಯತವಾಗಿದೆ. ಗೌಡರೊಳಗೊಬ್ಬ ಗೌಡ! ಇದನ್ನು ಪುನರುಕ್ತಿಯೆನ್ನಲಾಗದು. ಒಂದೇ ಶಬ್ದದ ಎರಡು ವಯಸ್ಸುಗಳು ಇಲ್ಲಿ ಒಂದೇ ಚಪ್ಪರದ ಕೆಳಗೆ ಕುಳಿತಿವೆ. ನಿಘಂಟುಕಾರರು ಶಿಲೆಗಳ ಜತೆಗೆ ಇಂತಹ ಚಪ್ಪರಗಳನ್ನೂ ಪ್ರಮಾಣವಾಗಿ ಎಣಿಸುವುದು ಮೇಲು.

ಬಡಗಣ ಸೀಮೆಯಲ್ಲಿ ಲಿಂಗಾಯತರಲ್ಲಿಯೂ ಗೌಡರಿರುವರು. ಅಲ್ಲಿ ‘ಗೌಡಕಿ’ ಎಂದರೆ ಊರಾಳಿಕೆಯ ವತನ, ‘ಗೌಡಶಾನಿ’ ಎಂದರೆ ಅವನ ಮಡದಿ. ಒಂದೇ ಜಾತಿಗೆ ಶಬ್ದವನ್ನು ಕಟ್ಟಿಹಾಕುವವರು ಈ ಪ್ರಯೋಗಕ್ಕೆ ಏನು ಸಮಾಧಾನ ಹೇಳುವರೋ ತಿಳಿಯದು. ಹಳೆಯ ಮೈಸೂರಿನ ಸರಕಾರೀ ವ್ಯವಹಾರದಲ್ಲಿ ಆ ಸ್ಥಾನಕ್ಕೆ ‘ಪಟೇಲ’ ಶಬ್ದವು ಬಂದು ಶಾನುಭೋಗನ ಜೊತೆಗೆ ನಿಂತಿತು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳೇ ರದ್ದಾದುವು; ಗೌಡಶಬ್ದವು ಹೆಸರುಗಳ ಕೊನೆಯಲ್ಲಿ ನಿಶ್ಚಿಂತವಾಗಿ ಉಳಿದಿದೆ.

ಇದೇ ದಾರಿಯಲ್ಲಿ ನಡೆದ ಇನ್ನೊಂದು ಶಬ್ದ ‘ಪೆರ್ಗಡೆ’. ರಾಜಾಧಿಕಾರಿಯನ್ನು ಸೂಚಿಸುತ್ತಿದ್ದ ಇದು ಹೆಗ್ಗಡೆ, ಹೆಗಡೆ ಎಂದಾಗಿ ಜೈನರಲ್ಲಿಯೂ ಬಂಟರಲ್ಲಿಯೂ ಹವ್ಯಕರಲ್ಲಿಯೂ ಮನೆತನದ ಹೆಸರಾಯಿತು. ಮಲೆನಾಡಿನಲ್ಲಿ ಇವೆರಡು ಶಬ್ದಗಳ ವಿನೋದವಾದ ಮಿಲನವೊಂದುಂಟು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಕಾದಂಬರಿಯಲ್ಲಿ (1936) ಕಾನೂರು ಮನೆಯ ಯಜಮಾನ ಚಂದ್ರಯ್ಯಗೌಡ. ಆತನ ಮಡದಿ ಸುಬ್ಬಮ್ಮನಾದರೋ ಹೆಗ್ಗಡಿತಿ. ಗಂಡನ ಹೆಸರಿನಲ್ಲಿ ಗಾವುಂಡನೂ ಹೆಂಡತಿಯ ಬಿರುದಿನಲ್ಲಿ ಪೆರ್ಗಡೆಯೂ ಉಳಿದುಕೊಂಡಿರುವರು. ಈ ಎರಡನೆಯ ಶಬ್ದದ ಚರಿತ್ರೆಯನ್ನು ಬಿಡಿಸಿ ಬರೆಯಲು ಬೇರೊಂದು ಲೇಖನವೇ ಬೇಕು.